ಒಂದೂಕಾಲು ರೂಪಾಯಿ ಮುಡಿಪು

ಅಜ್ಜಿ ತೀರಿಕೊಂಡ ಮೇಲೆ ಊರಿನ ಮನೆಯ ದೇವರ ಕೋಣೆ ಖಾಲಿ ಮಾಡುವಾಗ ತಿಮ್ಮಪ್ಪನ ಪಟದ ಹಿಂದೆ ಒಂದು ತಗಡಿನ ಡಬ್ಬಿ ಸಿಕ್ಕಿತು. ಒಳಗೆ ಮೂರು ಗಂಟು. ಅರಿಶಿನ ಕಂದಿ ಮಣ್ಣಿನ ಬಣ್ಣಕ್ಕೆ ತಿರುಗಿದ ಬಟ್ಟೆ, ಕತ್ತಿಗೆ ಬಿಗಿದು ಸುತ್ತಿದ ದಾರ. ಅಮ್ಮ ತಟ್ಟನೆ ಕೈಮುಗಿದು, "ಮುಡಿಪು ಕಣೆ, ಮುಟ್ಟಬೇಡ, ಕೈ ತೊಳ್ಕೊಂಡು ಬಾ" ಅಂದಳು. ಪಕ್ಕದಲ್ಲಿದ್ದ ನನ್ನ ಮಗಳು ಹಾಗಂದರೇನು ಅಂತ ಕೇಳಿದಳು. ಆ ಪದ ಅವಳಿಗೆ ಗೊತ್ತಿತ್ತು. ದೇಶಕ್ಕಾಗಿ ಜೀವನ ಮುಡಿಪಾಗಿಟ್ಟವರ ಪಾಠ ಓದಿದ್ದಾಳೆ. ಕೈಯಲ್ಲಿ ಹಿಡಿಯಬಹುದಾದ ಮುಡಿಪೂ ಒಂದಿದೆ ಅನ್ನುವುದು ಮಾತ್ರ ಗೊತ್ತಿರಲಿಲ್ಲ.

ನಮ್ಮದು ಅರಸೀಕೆರೆ ಸೀಮೆ. ಮನೆದೇವರು ತಿರುಪತಿ ತಿಮ್ಮಪ್ಪ. ಮಗುವಿನ ಜ್ವರ ಬಿಡದಿದ್ದರೆ, ಸಂತೆಗೆ ಹೋದವರು ಹೊತ್ತು ಮುಳುಗಿದರೂ ಬಾರದಿದ್ದರೆ, ಹಸು ಕರು ಹಾಕಲಾರದೆ ಒದ್ದಾಡಿದರೆ ಅಜ್ಜಿ ಕೈಕಾಲು ತೊಳೆದು ಒಳಗೆ ಹೋಗುತ್ತಿದ್ದಳು. ಬಟ್ಟೆಯ ಚೂರೊಂದನ್ನು ಅಂಗೈಯಗಲ ಹರಿದು ಅರಿಶಿನದ ನೀರಿನಲ್ಲಿ ಅದ್ದಿ ಹಿಂಡುವಳು. ಅದರ ನಡುವೆ ಒಂದು ರೂಪಾಯಿ, ಅದರ ಮೇಲೆ ನಾಲ್ಕಾಣೆ. ನಾಲ್ಕು ಮೂಲೆ ಕೂಡಿಸಿ ದಾರ ಸುತ್ತುವಳು. ಬರೀ ಒಂದು ರೂಪಾಯಿ ಯಾಕಾಗದು ಅಂದರೆ, ಒಂದು ಅಂದರೆ ಲೆಕ್ಕ ಮುಗೀತು, ಮೇಲೆ ಕಾಲಿದ್ದರೆ ಮುಂದಕ್ಕೆ ಹೋಗ್ತೈತೆ ಅನ್ನುವಳು. ಗಂಟನ್ನು ಎರಡೂ ಕಣ್ಣಿಗೆ ಒತ್ತಿಕೊಂಡು ಕೊಂಚ ಹೊತ್ತು ಹಾಗೇ ನಿಲ್ಲುತ್ತಿದ್ದಳು. ನಾನು ಅವಳ ತುಟಿಯನ್ನೇ ನೋಡುತ್ತಿದ್ದೆ. ಅಲುಗುತ್ತಿರಲಿಲ್ಲ.

"ಏನಂತ ಕೇಳ್ಕೊಂಡೆ ಅಜ್ಜಿ?"

"ಹೇಳ್ಬಾರ್ದು ಕಣವ್ವ. ಅವ್ನಿಗೆ ತಿಳೀತೈತೆ."

ಹದಿನಾಲ್ಕು ಜನರ ಮನೆಯಲ್ಲಿ ಹೆಂಗಸೊಬ್ಬಳಿಗೆ ಮನಸ್ಸು ಬಿಚ್ಚಿ ಮಾತಾಡಲು ಮೂಲೆಯೂ ಇರಲಿಲ್ಲ, ಅದಕ್ಕೇ ಈ ಗಂಟು ಬೇಕಾಯಿತು ಅಂತ ಒಂದು ಕಾಲಕ್ಕೆ ತಿಳಿದಿದ್ದೆ. ಅದೂ ಸುಳ್ಳಲ್ಲ. ಆದರೆ ಅಜ್ಜಿ ದೇವರ ಹತ್ತಿರ ಮಾತಿಗೆ ಹಿಂದೆ ಬಿದ್ದವಳೇ ಅಲ್ಲ. ಬೆಳಗ್ಗೆ ದೀಪ ಹಚ್ಚುವಾಗ ಮಳೆ ಬಾರದ್ದಕ್ಕೆ ತಿಮ್ಮಪ್ಪನನ್ನು ಊರಿಗೆಲ್ಲ ಕೇಳುವಂತೆ ಬೈಯುತ್ತಿದ್ದಳು. ಶ್ರಾವಣ ಶನಿವಾರ ದಾಸಯ್ಯ ಬಾಗಿಲಲ್ಲಿ ಶಂಖ ಊದಿದರೆ ಮನೆಯಲ್ಲಿ ಎಲ್ಲರಿಗಿಂತ ಜೋರಾಗಿ ಗೋವಿಂದ ಹಾಕುವವಳು ಅವಳೇ. ಹೊಟ್ಟೆಯೊಳಗಿನ ಸಂಕಟ ಬಂದಾಗ ಮಾತ್ರ ಬಾಯಿ ಕಟ್ಟುತ್ತಿತ್ತು. ಅದನ್ನು ಮಾತಿಗೆ ಇಳಿಸಿದರೆ ಎಲ್ಲಿ ಕಡಿಮೆಯಾದೀತೋ ಅನ್ನುವ ಹಾಗೆ ಇದ್ದದ್ದನ್ನು ಇದ್ದ ಹಾಗೇ ಬಟ್ಟೆಯಲ್ಲಿ ಕಟ್ಟಿ ಅವನ ಪಟದ ಹಿಂದೆ ಇಟ್ಟುಬಿಡುತ್ತಿದ್ದಳು.

ಕೇಳಿದ್ದು ನಡೆದರೆ ಒಪ್ಪಿಸಬೇಕು. ನಾಲ್ಕೈದು ವರ್ಷಕ್ಕೊಮ್ಮೆ ಅರಸೀಕೆರೆಯಲ್ಲಿ ರೈಲು ಹತ್ತಿ, ಬೆಂಗಳೂರಿನಲ್ಲಿ ಇಳಿದು ಹತ್ತಿ, ತಿರುಮಲೆಗೆ ಹೋಗಿ ಕೊಪ್ಪರಿಗೆಗೆ ಹಾಕಿ ಬರುತ್ತಿದ್ದರು. ಅಷ್ಟು ದೂರ ಆಗದ ವರ್ಷ ನಮ್ಮ ಮಾಲೇಕಲ್ಲು ತಿರುಪತಿಯ ಬೆಟ್ಟ ಇದ್ದೇ ಇದೆ. ಕೋಲಾರದ ಕಡೆಯವರಿಗೆ ಮಾಲೂರಿನ ಹತ್ತಿರದ ಚಿಕ್ಕತಿರುಪತಿ, ಕರಾವಳಿಯವರಿಗೆ ಕಾರ್ಕಳದ ಪಡುತಿರುಪತಿ. ಬಡವರ ಕಾಲ್ನಡಿಗೆಗೆ ನಿಲುಕುವಷ್ಟು ದೂರದಲ್ಲಿ ತಿಮ್ಮಪ್ಪ ಬಂದು ನಿಂತಿದ್ದಾನೆ. ಹರಕೆ ತಡವಾದರೆ ಗಂಟಿನ ಜೊತೆ ತಪ್ಪುಕಾಣಿಕೆ ಸೇರಿಸಬೇಕು.

ನಡೆಯದೆ ಹೋದರೆ? ನನ್ನ ಚಿಕ್ಕತ್ತೆಯ ಎರಡನೇ ಮಗು ಉಳಿಯಲಿಲ್ಲ. ಆ ದಿನಗಳಲ್ಲಿ ಕಟ್ಟಿದ ಮುಡಿಪು ಯಾವುದಕ್ಕೆಂದು ಯಾರೂ ಹೇಳಬೇಕಾಗಿರಲಿಲ್ಲ. ಮರುವರ್ಷ ಅಜ್ಜಿ ಅದನ್ನೂ ತೆಗೆದು ಸೆರಗಿನ ತುದಿಗೆ ಕಟ್ಟಿಕೊಂಡಾಗ ಅತ್ತೆ ಸಿಟ್ಟಿನಿಂದ ನಡುಗಿದಳು. "ಏನ್ ಕೊಟ್ಟ ಅಂತ ಅವ್ನಿಗೆ ಕೊಡಕ್ ಹೊಂಟಿದ್ದೀಯವ್ವ?" ಅಂದಳು. ಅಜ್ಜಿ ಬಾಗಿಲ ಹತ್ತಿರ ನಿಂತು, "ಅವ್ನ ಹೆಸರಲ್ಲಿ ಕಟ್ಟಿದ್ದು ಕಣೆ. ಅವ್ನು ಕೊಡ್ಲಿಲ್ಲ ಅಂತ ಅವ್ನ ದುಡ್ಡು ನಾವ್ ಇಟ್ಕಳಕ್ಕಾಗ್ತೈತಾ?" ಅಂದು ಹೊರಟಳು. ಬೆಟ್ಟದಿಂದ ಬಂದ ರಾತ್ರಿ ಊಟ ಮಾಡಲಿಲ್ಲ. ಬೆಳಗ್ಗೆ ಎಂದಿನಂತೆ ದೀಪ ಹಚ್ಚಿದಳು. ದೇವರನ್ನು ನಂಬುವುದು ಅಂದಾಗ ಇವತ್ತಿಗೂ ನನಗೆ ಕಾಣುವುದು ಆ ಬೆಳಗಿನ ದೀಪ.

ಈಗ ಸೇವೆ ಮಾಡಿಸಲು ಫೋನಿನಲ್ಲೇ ಹೆಸರು, ಗೋತ್ರ, ನಕ್ಷತ್ರ ತುಂಬಿಸುತ್ತೇವೆ. ಕಾಣಿಕೆಯನ್ನೂ ಫೋನಿನಿಂದಲೇ ಹಾಕಬಹುದು. ಮಂಡಿನೋವಿನ ನನ್ನ ಅಮ್ಮನಿಗೆ ಅದರಿಂದ ಎಷ್ಟು ಉಪಕಾರವಾಗಿದೆ ಅಂತ ಬಲ್ಲೆ, ದೂರುವುದಿಲ್ಲ. ಆದರೆ ಕೇಳಿದ ಗಳಿಗೆಗೂ ಒಪ್ಪಿಸುವ ಗಳಿಗೆಗೂ ನಡುವೆ ಆ ಗಂಟು ಡಬ್ಬಿಯಲ್ಲಿ ಕೂತು ಕಾಯುತ್ತಿತ್ತಲ್ಲ, ಆ ವರ್ಷಗಳು ಎಲ್ಲಿ ಹೋದವು? ನನ್ನ ಯಜಮಾನರಿಗೆ ಆಪರೇಷನ್ ಆದಾಗ ಮೂರು ವಾಟ್ಸಾಪ್ ಗುಂಪಿಗೆ ಬರೆದೆ. ಯಾವ ಆಸ್ಪತ್ರೆ, ಎಷ್ಟು ಹೊತ್ತಿಗೆ, ಡಾಕ್ಟರ್ ಏನಂದರು, ಎಲ್ಲ. ಕೈಮುಗಿದ ಚಿತ್ರಗಳು ಸಾಲಾಗಿ ಬಂದವು. ಅವರೆಲ್ಲ ಪ್ರೀತಿಯಿಂದಲೇ ಕಳಿಸಿದ್ದು, ಧೈರ್ಯವೂ ಬಂತು. ರಾತ್ರಿ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಕಣ್ಣು ಮುಚ್ಚಿದೆ. ದೇವರಿಗೆ ಅಂತ ನನ್ನ ಹತ್ತಿರ ಏನೂ ಉಳಿದಿರಲಿಲ್ಲ. ಎಲ್ಲರಿಗೂ ಹೇಳಿ ಮುಗಿಸಿದ್ದೆ.

ಅಂದು ಮುಡಿಪು ಕಟ್ಟೋಣ ಅಂದುಕೊಂಡಿದ್ದರೂ ಕಟ್ಟಲಾಗುತ್ತಿರಲಿಲ್ಲ. 2011ರ ಜೂನ್ 30ರಿಂದ ನಾಲ್ಕಾಣೆ ಚಲಾವಣೆಯಲ್ಲಿಲ್ಲ. ಒಂದೂಕಾಲಿನ ಕಾಲೇ ಹೋಯಿತು. ಹನ್ನೊಂದು ರೂಪಾಯಿ ಕಟ್ಟುವವರಿದ್ದಾರೆ, ಅದೂ ಆಗುತ್ತದೆ. ಆದರೆ ಅಜ್ಜಿಯ ಲೆಕ್ಕ ಮುಂದಕ್ಕೆ ಹೋಗುತ್ತಿದ್ದದ್ದು ಆ ಸಣ್ಣ ಬಿಲ್ಲೆಯಿಂದ.

ಕೈ ತೊಳೆದು ಬಂದು ಮೂರೂ ಗಂಟುಗಳನ್ನು ಅಂಗೈ ಮೇಲಿಟ್ಟುಕೊಂಡೆ. ಬಟ್ಟೆಯ ಮೇಲಿಂದಲೇ ಬೆರಳಿಗೆ ಸಿಕ್ಕಿತು, ಕೆಳಗೆ ದೊಡ್ಡದು, ಮೇಲೆ ಚಿಕ್ಕದು. ಎರಡು ಗಂಟು ಹಳೇ ಪಂಚೆಯ ಬಿಳಿ ಬಟ್ಟೆಯವು. ಮೂರನೆಯದನ್ನು ಬೆಳಕಿಗೆ ಹಿಡಿದರೆ ಅರಿಶಿನದ ಅಡಿಯಲ್ಲಿ ಸಣ್ಣ ಸಣ್ಣ ನೀಲಿ ಹೂವು. ನನ್ನ ಲಂಗದ ಬಟ್ಟೆ. ಶಾಲೆಗೆ ಸೇರಿಸಿದ ವರ್ಷ ಹೊಲಿಸಿದ್ದು.

"ನಿನ್ಗೆ ಟೈಫಾಯ್ಡ್ ಆಗಿತ್ತಲ್ಲ, ಅದಕ್ಕಿರಬೇಕು" ಅಂದಳು ಅಮ್ಮ. ಆಮೇಲೆ ತಾನೇ ತಲೆಯಾಡಿಸಿದಳು. ಟೈಫಾಯ್ಡಿನ ಹರಕೆ ತೀರಿಸಲು ನನ್ನನ್ನೂ ಕರೆದುಕೊಂಡು ಬೆಟ್ಟಕ್ಕೆ ಹೋಗಿದ್ದರು. ನಡೆದದ್ದನ್ನು ಅಜ್ಜಿ ಒಪ್ಪಿಸಿದ್ದಳು, ಕೈಮೀರಿದ್ದನ್ನೂ ಒಪ್ಪಿಸಿದ್ದಳು. ಡಬ್ಬಿಯಲ್ಲಿ ಉಳಿದವು ಅವಳು ಇನ್ನೂ ಎದುರು ನೋಡುತ್ತಿದ್ದವು.

ಹೋದವರ ಹರಕೆ ಮನೆಯಲ್ಲಿ ಇರಬಾರದು ಅಂತ ಅಮ್ಮ ಹಟ ಹಿಡಿದದ್ದಕ್ಕೆ, ಬಿಚ್ಚದೆ, ಹತ್ತತ್ತು ರೂಪಾಯಿ ತಪ್ಪುಕಾಣಿಕೆ ಸೇರಿಸಿ ಎರಡನ್ನು ಮಾಲೇಕಲ್ಲಿನ ಹುಂಡಿಗೆ ಹಾಕಿ ಬಂದೆವು. ನೀಲಿ ಹೂವಿನದನ್ನು ಹಾಕಲು ಕೈ ಬರಲಿಲ್ಲ. ಈಗ ಅದು ಬೆಂಗಳೂರಿನ ನಮ್ಮ ಮನೆಯಲ್ಲಿ, ದೇವರ ಗೂಡಿನೊಳಗೆ, ಪಟದ ಹಿಂದಿದೆ. ನನಗಾಗಿ ಅಜ್ಜಿ ಏನು ಕೇಳಿದ್ದಳೋ ಅವಳಿಗೆ ಗೊತ್ತಿತ್ತು, ತಿಮ್ಮಪ್ಪನಿಗೆ ಗೊತ್ತಿದೆ. ಅದು ನಡೆದ ದಿನ ಒಪ್ಪಿಸಬೇಕು. ನಡೆಯಿತು ಅಂತ ನನಗೆ ತಿಳಿಯುವುದು ಹೇಗೆ?