ಇದ್ದೇನೆ, ಇದ್ದುಬಿಟ್ಟಿದ್ದೇನೆ

ಇಂಗ್ಲಿಷಿನಲ್ಲಿ ವರದಿ ಬರೆದು ಹೊಟ್ಟೆ ಹೊರೆಯುವ ನಮ್ಮಂಥವರಿಗೆ ಒಂದು ಪದ ಬಹಳ ಕಾಟ ಕೊಡುತ್ತದೆ: 'ಪರ್ಮನೆಂಟ್ಲಿ'. ಅದು 'ಹ್ಯಾವ್', 'ಹ್ಯಾಸ್'ಗಳ ಪಕ್ಕ ಬಂದು ಕುಳಿತಾಗಲಂತೂ ನಾನು ಕೆಂಪು ಪೆನ್ನು ಹುಡುಕುತ್ತೇನೆ.

'ಐ ಹ್ಯಾವ್ ಆಲ್ವೇಸ್ ಲಿವ್ಡ್ ಹಿಯರ್' ಎಂದರೆ ಮೊದಲಿನಿಂದ ಈವರೆಗೆ ಇಲ್ಲೇ ಇದ್ದೇನೆ ಎಂದರ್ಥ. ಆ 'ಆಲ್ವೇಸ್' ಹಿಂದಕ್ಕೆ ನೋಡುವ ಪದ. ನಾಳೆಯ ಗೊಡವೆ ಅದಕ್ಕಿಲ್ಲ. 'ಐ ಹ್ಯಾವ್ ಮೂವ್ಡ್ ಹಿಯರ್ ಪರ್ಮನೆಂಟ್ಲಿ' ಎಂದಾಗ ಹಾಗಲ್ಲ. ಬಂದದ್ದು ಮುಗಿದ ಸಂಗತಿ. 'ಪರ್ಮನೆಂಟ್ಲಿ' ಮಾತ್ರ ಮುಂದಿನದಕ್ಕೂ ಜಾಮೀನು ನಿಲ್ಲುತ್ತದೆ. ವ್ಯಾಕರಣ ಎರಡನ್ನೂ ಒಪ್ಪುತ್ತದೆ. ಪುರಾವೆಯೂ ಒಪ್ಪಬೇಕಲ್ಲ!

ನಮ್ಮ ಪ್ರಯೋಗಶಾಲೆಯ ಕಿರಿಯರೊಬ್ಬರು ಒಂದು ಕ್ಯಾಟಲಿಸ್ಟಿನ ಬಗ್ಗೆ 'ಹ್ಯಾಸ್ ಬೀನ್ ಪರ್ಮನೆಂಟ್ಲಿ ಡಿಆಕ್ಟಿವೇಟೆಡ್' ಎಂದು ಬರೆದು ತಂದರು. "ಮೇಲೆ ಕೂತ ಇಂಗಾಲವನ್ನು ಗಾಳಿಯಲ್ಲಿ ಸುಟ್ಟು ನೋಡಿದಿರಾ?" ಎಂದೆ. ನೋಡಿರಲಿಲ್ಲ. ಸುಟ್ಟ ಮೇಲೆ ಸತ್ತದ್ದು ಎದ್ದು ಕುಳಿತಿತು. ಶಾಲೆಯಲ್ಲಿ ಓದಿದ ನೀರಿನ 'ಶಾಶ್ವತ ಗಡಸುತನ' ನೆನಪಿದೆಯೇ? ಕುದಿಸಿದರೆ ಹೋಗುವುದಿಲ್ಲ, ಅಷ್ಟೆ. ವಾಷಿಂಗ್ ಸೋಡಾ ಹಾಕಿದರೆ ಹೋಗುತ್ತದೆ. ಅಮೆರಿಕದ ಪರ್ಮನೆಂಟ್ ರೆಸಿಡೆಂಟ್ ಕಾರ್ಡನ್ನೂ ಸಾಮಾನ್ಯವಾಗಿ 10 ವರ್ಷಕ್ಕೊಮ್ಮೆ ಹೊಸದು ಮಾಡಿಸಲೇಬೇಕು. ಯಾವುದಕ್ಕೆ ಶಾಶ್ವತ, ಎಲ್ಲಿಯವರೆಗೆ ಶಾಶ್ವತ ಎಂದು ಕೇಳದೆ ಆ ಪದವನ್ನು ಬರೆಯಬಾರದು.

ಕನ್ನಡದಲ್ಲಿ ಇದಕ್ಕೆ ಬೇರೆ ಪದವೇ ಬೇಡ. 'ಹೋಗಿದ್ದಾನೆ' ಎಂದರೆ ಬಂದಾನು ಎಂಬ ಆಸೆಯಿದೆ. 'ಹೋಗಿಬಿಟ್ಟ' ಎಂದರೆ ಕೇಳಿದವರ ಎದೆ ಧಸಕ್ಕೆನ್ನುತ್ತದೆ. ಒಂದು 'ಬಿಡು' ಬಾಗಿಲಿಗೆ ಅಗಳಿ ಹಾಕುತ್ತದೆ. ಹೊಸ್ತಿಲು ದಾಟುವಾಗ ನಾವು 'ಹೋಗಿಬರ್ತೇನೆ' ಎನ್ನುವುದೂ ಅದಕ್ಕೇ.

ಕಳೆದ ತಿಂಗಳು ಅಣ್ಣ ಬರೆದಿದ್ದ: "ನೀನು ಅಲ್ಲೇ ಇದ್ದುಬಿಡುವುದಾದರೆ ಹೇಳು, ಊರಿನ ಮನೆ ಮಾರೋಣ. ಹಂಚು ಸೋರುತ್ತಿದೆ, ನನ್ನೊಬ್ಬನಿಂದ ಆಗುತ್ತಿಲ್ಲ. ಅಮ್ಮ ನಿನ್ನ ಮಾತಿಗೆ ಕಾಯುತ್ತಿದ್ದಾಳೆ."

ವರದಿಗಿಂತ ಈ ಉತ್ತರ ಕಷ್ಟವಾಯಿತು. ಎರಡು ರಾತ್ರಿ ನಾನೂ ನನ್ನ ಹೆಂಡತಿಯೂ ಕೂತು ಮಾತಾಡಿ, ಕೊನೆಗೆ ಹೀಗೆ ಬರೆದೆ: "ಅಣ್ಣಾ, 11 ವರ್ಷದಿಂದ ಇಲ್ಲಿದ್ದೇನೆ, ಇದು ನಿಜ. ಇದ್ದುಬಿಟ್ಟಿದ್ದೇನೆ ಎನ್ನಲು ನನ್ನ ಹತ್ತಿರ ಪುರಾವೆಯಿಲ್ಲ. ಹಾಗೆಂದು ಭಾರ ನಿನ್ನೊಬ್ಬನದೇ ಆಗಬಾರದು. ಮಳೆಗಾಲಕ್ಕೆ ಮುಂಚೆ ಹಂಚು ಹೊದಿಸು; ಖರ್ಚು ನನ್ನದು. ಮಾರುವ ಮಾತು ಅಮ್ಮನ ಬಾಯಿಂದಲೇ ಬರಲಿ."