ಮಾರ್ಚ್ ಹದಿನಾಲ್ಕರ ಹಾಡು

ಹಬ್ಬಹರಿದಿನಗಳನ್ನೂ ಮಹಾಪುರುಷರ ಜಯಂತಿಗಳನ್ನೂ ಗೋಡೆಯ ಕ್ಯಾಲೆಂಡರು ತಪ್ಪದೆ ನಮಗೆ ನೆನಪು ಮಾಡಿಕೊಡುತ್ತದೆ. ಆದರೆ ಅದರಲ್ಲಿ ಅಚ್ಚಾಗದ ವಿಶೇಷಗಳೂ ಕೆಲವುಂಟು. ಹಾಡನ್ನು ಪ್ರೀತಿಸುವವರು ಅಂಥವನ್ನು ತಾವೇ ಹುಡುಕಿ ಗುರುತುಮಾಡಿಕೊಳ್ಳಬೇಕಾಗುತ್ತದೆ. ನಾವು ಪ್ರತಿವರ್ಷವೂ ಮಾರ್ಚ್ ೧೪ರ ಚೌಕದೊಳಗೆ ಪೆನ್ಸಿಲಿನಿಂದ ಮೂರು ಇಸವಿಗಳನ್ನು ಬರೆದಿಡುವ ರೂಢಿಯನ್ನು ಇಟ್ಟುಕೊಂಡಿದ್ದೇವೆ: ೧೮೦೪, ೧೯೩೧, ೧೯೩೩. ಮೊದಲನೆಯದು ವಿಯೆನ್ನಾ ನಗರದ್ದು. ಎರಡನೆಯದು ನಮ್ಮ ಮುಂಬಯಿಯದು. ಮೂರನೆಯದು ಅಮೆರಿಕದ ಶಿಕಾಗೋ ನಗರದ್ದು. ಪಂಡಿತರ ಸಂಗೀತವಲ್ಲ, ಜನಸಾಮಾನ್ಯರು ಗುನುಗುವ ಸಂಗೀತ ಬೆಳೆದ ದಾರಿಯನ್ನು ಈ ಮೂರು ಇಸವಿಗಳಲ್ಲಿ ಕಾಣಬಹುದೆಂದು ನಮ್ಮ ಎಣಿಕೆ. ಆ ದಿನವು ಪರೀಕ್ಷೆಯ ಕಾಲದಲ್ಲಿ ಬರುವುದರಿಂದ ವಿದ್ಯಾರ್ಥಿಗಳಿಗೆ ಆಗ ಹಾಡಿನ ನೆನಪಾಗುವುದು ಕಷ್ಟ. ಆದುದರಿಂದ ಈ ಸಂಚಿಕೆಯಲ್ಲಿಯೇ ಅದನ್ನು ಹೇಳಿಬಿಡುತ್ತೇವೆ.

೧೮೦೪ರ ಈ ದಿನ ವಿಯೆನ್ನಾದಲ್ಲಿ ಯೊಹಾನ್ ಸ್ಟ್ರೌಸ್ ಹುಟ್ಟಿದನು. ತಂದೆ ಪಾನಗೃಹವೊಂದನ್ನು ನಡೆಸುತ್ತಿದ್ದವನು. ಹುಡುಗನನ್ನು ಪುಸ್ತಕಕ್ಕೆ ರಟ್ಟು ಕಟ್ಟುವ ಕಸಬಿಗೆ ಹಾಕಿದರು. ಆದರೆ ಅವನ ಮನಸ್ಸೆಲ್ಲ ಪಿಟೀಲಿನ ಮೇಲೆ. ಮುಂದೆ ಅವನು ತನ್ನದೇ ಆದ ವಾದ್ಯವೃಂದವನ್ನು ಕಟ್ಟಿ, ವಾಲ್ಟ್ಸ್ ಎಂಬ ಕುಣಿತದ ಸಂಗೀತವನ್ನು ದೇಶದೇಶಗಳಿಗೆ ಕೊಂಡೊಯ್ದನು. ೧೮೪೮ರಲ್ಲಿ ಅವನು ರಚಿಸಿದ ‘ರಾಡೆಟ್‌ಸ್ಕಿ ಮಾರ್ಚ್’ ಎಂಬ ಕೃತಿಯನ್ನು ವಿಯೆನ್ನಾದ ಹೊಸವರ್ಷದ ಕಚೇರಿಯ ಕೊನೆಗೆ ಇಂದಿಗೂ ನುಡಿಸುತ್ತಾರೆ. ಸಭಿಕರೆಲ್ಲ ತಾಳಕ್ಕೆ ಸರಿಯಾಗಿ ಚಪ್ಪಾಳೆ ಹಾಕುತ್ತಾರೆ. ಧ್ವನಿಯನ್ನು ಹಿಡಿದಿಡುವ ಯಂತ್ರ ಸ್ಟ್ರೌಸನ ಕಾಲಕ್ಕೆ ಹುಟ್ಟಿರಲಿಲ್ಲ. ಅವನ ಪಿಟೀಲು ಹೇಗೆ ನುಡಿಯುತ್ತಿತ್ತೆಂಬುದನ್ನು ನಾವು ಊಹಿಸಬೇಕಷ್ಟೆ. ಆದರೆ ಸ್ವರಗಳನ್ನು ಅವನು ಕಾಗದದ ಮೇಲೆ ಬರೆದಿಟ್ಟನು. ಕಾಗದ ಅವನ ಸಂಗೀತವನ್ನು ಉಳಿಸಿತು.

ಇನ್ನು ನಮ್ಮ ಊರಿಗೆ ಬರೋಣ. ೧೯೩೧ರ ಮಾರ್ಚ್ ೧೪, ಶನಿವಾರ. ಗಿರಗಾಂವಿನ ಮೆಜೆಸ್ಟಿಕ್ ಚಿತ್ರಮಂದಿರದ ಮುಂದೆ ಜನವೋ ಜನ. ಅರ್ದೇಶಿರ್ ಇರಾನಿಯವರು ನಿರ್ಮಿಸಿದ ‘ಆಲಂ ಆರಾ’ ಅಂದು ತೆರೆಕಂಡಿತು. ಅದುವರೆಗೆ ನಮ್ಮ ದೇಶದ ಕಥಾಚಿತ್ರಗಳೆಲ್ಲ ಮೂಕಚಿತ್ರಗಳು. ಮಾತನಾಡಿ ಹಾಡಿದ ಮೊದಲನೆಯ ಕಥಾಚಿತ್ರ ಇದು. ನಾಲ್ಕಾಣೆಯ ಟಿಕೇಟು ಕಾಳಸಂತೆಯಲ್ಲಿ ನಾಲ್ಕೈದು ರೂಪಾಯಿಗೆ ಹೋಯಿತೆಂದೂ ನೂಕುನುಗ್ಗಲನ್ನು ತಡೆಯಲು ಪೋಲೀಸರು ಬರಬೇಕಾಯಿತೆಂದೂ ಹೇಳುತ್ತಾರೆ. ರೂಪಾಯಿಗೆ ಹದಿನಾರಾಣೆಯಿದ್ದ ಕಾಲ ಅದು. ಬೆಲೆ ಎಷ್ಟು ಪಟ್ಟು ಏರಿತೆಂಬುದನ್ನು ಗಣಿತ ಬಲ್ಲ ಮಕ್ಕಳು ತಾವೇ ಲೆಕ್ಕಹಾಕಿಕೊಳ್ಳಲಿ.

ಆ ಚಿತ್ರವನ್ನು ತೆಗೆದ ಬಗೆ ಇನ್ನೂ ಸ್ವಾರಸ್ಯವಾದುದು. ಸ್ಟುಡಿಯೋದ ಪಕ್ಕದಲ್ಲಿಯೇ ರೈಲಿನ ಹಳಿ. ಹಗಲಿನಲ್ಲಿ ಗಾಡಿಗಳ ಸದ್ದಿಗೆ ನಟರ ಮಾತೇ ಕೇಳಿಸದು. ಆದುದರಿಂದ ರೈಲುಗಳ ಓಡಾಟ ನಿಂತ ಮೇಲೆ, ನಡುರಾತ್ರಿ ಒಂದು ಗಂಟೆಯಿಂದ ನಾಲ್ಕು ಗಂಟೆಯವರೆಗೆ ಚಿತ್ರೀಕರಣ ನಡೆಯುತ್ತಿತ್ತು. ಮೈಕ್ರೋಫೋನುಗಳನ್ನು ನಟರ ಸುತ್ತಮುತ್ತ ಎಲ್ಲಾದರೂ ಮರೆಮಾಡಿ ಇಡುತ್ತಿದ್ದರು. ಹಾಡನ್ನು ಬೇರೆಯವರಿಂದ ಹಾಡಿಸಿ ಆಮೇಲೆ ಸೇರಿಸುವ ಏರ್ಪಾಡು ಆಗ ಇರಲಿಲ್ಲ. ನಟಿಸುವವರೇ ಹಾಡಬೇಕು, ಹಾಡಿದ ಕೂಡಲೇ ಅದು ಫಿಲ್ಮಿನ ಮೇಲೆ ಮೂಡಬೇಕು. ವಾದ್ಯಗಾರರು ಕ್ಯಾಮೆರಾದ ಕಣ್ಣಿಗೆ ಬೀಳದಂತೆ ಅಡಗಿ ಕುಳಿತು ನುಡಿಸುತ್ತಿದ್ದರು. ವಜೀರ್ ಮಹಮ್ಮದ್ ಖಾನ್ ಎಂಬವರು ಫಕೀರನ ವೇಷದಲ್ಲಿ, ದೇವರ ಹೆಸರಿನಲ್ಲಿ ಭಿಕ್ಷೆ ಬೇಡುವ ಹಾಡೊಂದನ್ನು ಹಾಡಿದರು. ಭಾರತದ ಚಲಚ್ಚಿತ್ರಗೀತೆಗಳಲ್ಲಿ ಮೊದಲನೆಯದೆಂದು ಹೆಸರಾದುದು ಅದೇ. ಇಂದು ರಿಕ್ಷಾದಲ್ಲಿ, ಮದುವೆಯ ಮೆರವಣಿಗೆಯಲ್ಲಿ, ಗಣೇಶನ ಮಂಟಪದಲ್ಲಿ ನಮ್ಮ ಕಿವಿಗೆ ಬೀಳುವ ಸಿನಿಮಾ ಹಾಡುಗಳ ಮಹಾಪ್ರವಾಹಕ್ಕೆ ಆ ಫಕೀರನ ಹಾಡೇ ಮೂಲ.

ಆದರೆ ಅಂದು ಮೆಜೆಸ್ಟಿಕ್ಕಿನಲ್ಲಿ ಕೇಳಿಸಿದ ಆ ಧ್ವನಿ ಈಗ ಎಲ್ಲಿದೆ? ‘ಆಲಂ ಆರಾ’ದ ಒಂದು ಪ್ರತಿಯೂ ಇಂದು ದೊರೆಯದು. ಕೆಲವು ಛಾಯಾಚಿತ್ರಗಳೂ ಜಾಹೀರಾತುಗಳೂ ಉಳಿದಿವೆ, ಅಷ್ಟೆ. ಆ ಕಾಲದ ಫಿಲ್ಮು ಬೇಗ ಬೆಂಕಿ ಹತ್ತುವ, ಕಾಲಕ್ರಮದಲ್ಲಿ ತಾನಾಗಿಯೇ ಕೆಡುವ ವಸ್ತು. ಆಟ ಮುಗಿದ ಚಿತ್ರವನ್ನು ಜೋಪಾನಮಾಡಬೇಕೆಂದು ಆಗ ಹೆಚ್ಚು ಮಂದಿಗೆ ತೋರಲೂ ಇಲ್ಲ. ಪುಣೆಯಲ್ಲಿ ರಾಷ್ಟ್ರೀಯ ಚಲಚ್ಚಿತ್ರ ಸಂಗ್ರಹಾಲಯ ಸ್ಥಾಪನೆಯಾದುದು ೧೯೬೪ರಲ್ಲಿ, ಎಂದರೆ ಮೂವತ್ತಮೂರು ವರ್ಷಗಳು ಕಳೆದ ಮೇಲೆ. ಮೆಜೆಸ್ಟಿಕ್ ಚಿತ್ರಮಂದಿರವೂ ಹೋಗಿ ಆ ಸ್ಥಳದಲ್ಲಿ ಅಂಗಡಿಗಳ ಕಟ್ಟಡ ಎದ್ದಿದೆ. ಆ ಕಡೆ ಹೋದಾಗಲೆಲ್ಲ ನಾವು ಅದರ ಮುಂದೆ ಒಂದು ಗಳಿಗೆ ನಿಲ್ಲುವುದುಂಟು. ಕೇಳಿಸುವುದು ಬಸ್ಸುಗಳ ಸದ್ದು ಮಾತ್ರ.

ಕನ್ನಡದ ಮೊದಲನೆಯ ವಾಕ್ಚಿತ್ರದ ಕಥೆಯೂ ಇದಕ್ಕಿಂತ ಬೇರೆಯಲ್ಲ. ‘ಸತಿ ಸುಲೋಚನ’ ಬೆಂಗಳೂರಿನಲ್ಲಿ ತೆರೆಕಂಡದ್ದು ೧೯೩೪ರ ಮಾರ್ಚ್ ೩ರಂದು. ಅದೂ ಮಾರ್ಚ್ ತಿಂಗಳೇ. ಸುಬ್ಬಯ್ಯ ನಾಯುಡು, ನಾಗೇಂದ್ರರಾಯರು ಮೊದಲಾದ ನಮ್ಮ ರಂಗಭೂಮಿಯ ಕಲಾವಿದರು ಈ ಚಿತ್ರಕ್ಕಾಗಿ ಮರಾಠಿ ನಾಡಿನ ಕೊಲ್ಹಾಪುರಕ್ಕೆ ಹೋಗಿ, ಅಲ್ಲಿನ ಸ್ಟುಡಿಯೋದಲ್ಲಿ ನಟಿಸಿ ಹಾಡಿ ಬಂದರು. ಕನ್ನಡದ ತೆರೆ ಮೊದಲು ಕನ್ನಡ ನುಡಿದದ್ದು ಪರಸ್ಥಳದಲ್ಲಿ ಎಂಬುದು, ಪರಸ್ಥಳದಲ್ಲಿ ಕನ್ನಡ ಕಲಿಯುವ ನಮಗೆ ಹೆಮ್ಮೆಯ ಮಾತಲ್ಲವೆ? ಆದರೆ ಆ ಚಿತ್ರವೂ ಉಳಿಯಲಿಲ್ಲ.

ಮೂರನೆಯ ಇಸವಿ ೧೯೩೩. ಆ ವರ್ಷದ ಮಾರ್ಚ್ ೧೪ರಂದು ಶಿಕಾಗೋದ ಬಡ ಕರಿಯರ ಕೇರಿಯಲ್ಲಿ ಕ್ವಿನ್ಸಿ ಜೋನ್ಸ್ ಹುಟ್ಟಿದರು. ಹನ್ನೊಂದರ ವಯಸ್ಸಿನಲ್ಲಿ ಅವರು ಗೆಳೆಯರೊಡನೆ ಒಂದು ಕಟ್ಟಡದೊಳಕ್ಕೆ ತಿಂಡಿ ಕದಿಯಲು ನುಗ್ಗಿದರಂತೆ. ಕತ್ತಲೆಯ ಕೋಣೆಯೊಂದರಲ್ಲಿ ಪಿಯಾನೊ ಕಂಡಿತು, ಕೈ ತಾನಾಗಿ ಅದರ ಮೇಲೆ ಹೋಯಿತು. ಅಂದಿನಿಂದ ಬದುಕೇ ಬೇರೆಯಾಯಿತು. ಮೈಕೆಲ್ ಜಾಕ್ಸನ್ನನ ‘ಥ್ರಿಲ್ಲರ್’ ಎಂಬ ಲೋಕವಿಖ್ಯಾತ ಗೀತಗುಚ್ಛವನ್ನು ೧೯೮೨ರಲ್ಲಿ ರೂಪಿಸಿಕೊಟ್ಟವರು ಅವರು. ೧೯೮೫ರ ಜನವರಿಯ ಒಂದು ರಾತ್ರಿ, ಆಫ್ರಿಕದ ಕ್ಷಾಮಪೀಡಿತರ ನೆರವಿಗಾಗಿ ನಲವತ್ತಕ್ಕೂ ಹೆಚ್ಚು ಪ್ರಸಿದ್ಧ ಗಾಯಕರನ್ನು ಒಂದೆಡೆ ಸೇರಿಸಿ ಹಾಡಿಸಿದರು. ಅಹಂಕಾರವನ್ನು ಬಾಗಿಲಲ್ಲಿಯೇ ಬಿಟ್ಟು ಬರಬೇಕೆಂದು ಸ್ಟುಡಿಯೋದಲ್ಲಿ ಫಲಕ ಹಾಕಿಸಿದ್ದರು. ಅವರು ೨೦೨೪ರಲ್ಲಿ ತೀರಿಕೊಂಡರು. ಅವರು ರೂಪಿಸಿದ ಪ್ರಸಿದ್ಧ ಹಾಡುಗಳ ಧ್ವನಿ ಉಳಿದಿದೆ. ಬೇಕೆಂದವರು ಬೇಕೆಂದಾಗ ಕೇಳಬಹುದು.

ಹೀಗೆ ಒಂದೇ ದಿನದ ಮೂರು ನೆನಪುಗಳಲ್ಲಿ ಆಚೀಚೆಯ ಎರಡು ಉಳಿದವು. ನಡುವಿನದು, ನಮ್ಮದು, ಕೈತಪ್ಪಿತು. ನಾವು ಇದನ್ನು ಇಷ್ಟು ಹಚ್ಚಿಕೊಂಡಿರುವುದಕ್ಕೆ ಮನೆಯ ಕಾರಣವೊಂದುಂಟು. ನಮ್ಮ ತಾಯಿಯವರು ಧಾರವಾಡದ ಕಡೆಯ ಹಳ್ಳಿಯಿಂದ ಮದುವೆಯಾಗಿ ಈ ಊರಿಗೆ ಬಂದವರು. ಚಾಳಿನ ಒಂದೇ ಕೋಣೆಯ ಮನೆಯಲ್ಲಿ ಬೀಸುವ ಕಲ್ಲಿಗೆ ಎಡೆಯೆಲ್ಲಿ? ಹಿಟ್ಟು ಗಿರಣಿಯಿಂದ ಬರುತ್ತಿತ್ತು. ಆದರೂ ಬೀಸುವ ಪದಗಳು ಅವರ ಬಾಯಿಂದ ಹೋಗಲಿಲ್ಲ. ಅಕ್ಕಿ ಆರಿಸುವಾಗ, ಪಾತ್ರೆ ತಿಕ್ಕುವಾಗ ಮೆಲ್ಲಗೆ ಹಾಡಿಕೊಳ್ಳುತ್ತಿದ್ದರು. ಅವರು ಹೇಳಿದಂತೆ ನಾವು ನಲವತ್ತು ತ್ರಿಪದಿಗಳನ್ನು ನೋಟುಪುಸ್ತಕವೊಂದರಲ್ಲಿ ಬರೆದುಕೊಂಡೆವು. ತಾಯಿಯವರು ಹೋಗಿ ಬಹಳ ಕಾಲವಾಯಿತು, ಪುಸ್ತಕ ಇದೆ. ಅದನ್ನು ನಮ್ಮ ಮೊಮ್ಮಗಳು ಸರಾಗವಾಗಿ ಓದುತ್ತಾಳೆ, ಆದರೆ ಹಾಡಲಾರಳು. ಕಲ್ಲಿನ ಸುತ್ತು ಮುಗಿಯುವ ತನಕ ಧ್ವನಿಯನ್ನು ಎಲ್ಲಿ ಎಳೆಯಬೇಕು, ಎಲ್ಲಿ ಇಳಿಸಬೇಕು ಎಂಬುದನ್ನು ಆ ಪುಸ್ತಕ ಹೇಳದು. ಅದು ಈಗ ನಮ್ಮ ಕಿವಿಯೊಂದರಲ್ಲಿ ಮಾತ್ರ ಇದೆ.

ಹೋದ ವರ್ಷ ಅವಳು ತನ್ನ ತಾಯಿಯ ಮೊಬೈಲನ್ನು ನಮ್ಮ ಮುಂದಿಟ್ಟು, “ಅಜ್ಜಾ, ನೀವಽ ಹಾಡ್ರಿ” ಎಂದಳು. ಗಂಡಸು ಬೀಸುವ ಪದ ಹಾಡುವುದನ್ನು ತಾಯಿಯವರು ಕೇಳಿದ್ದರೆ ನಕ್ಕುಬಿಡುತ್ತಿದ್ದರು. ಕಂಠವೂ ಈಗ ಹಿಂದಿನದಲ್ಲ. ಆದರೂ ಹಾಡಿದೆವು. ಇದುವರೆಗೆ ಹದಿನೇಳು ಪದಗಳಾಗಿವೆ. ಇನ್ನು ಇಪ್ಪತ್ತಮೂರು ಉಳಿದಿವೆ.

ವಿದ್ಯಾರ್ಥಿ ಮಿತ್ರರೇ, ಬೇಸಿಗೆಯ ರಜೆಗೆ ನಿಮ್ಮಲ್ಲಿ ಅನೇಕರು ಊರಿಗೆ ಹೋಗುವಿರಿ. ಅಲ್ಲಿ ಸೋಬಾನೆಯೋ, ಜೋಗುಳವೋ, ಬೀಸುವ ಪದವೋ ಬಲ್ಲ ಹಿರಿಯರು ಇದ್ದೇ ಇರುತ್ತಾರೆ. ಅವರ ಒಪ್ಪಿಗೆ ಪಡೆದು ಒಂದು ಹಾಡನ್ನು ಹಾಡಿಸಿ, ಧ್ವನಿಯನ್ನು ಮುದ್ರಿಸಿಕೊಳ್ಳಿ. ಹಾಡಿಗೆ ಮೊದಲು ಅವರ ಬಾಯಿಂದಲೇ ಹೆಸರು, ಊರು, ತಾರೀಖು ಹೇಳಿಸಿ. ಮಾತುಗಳನ್ನು ಕನ್ನಡದಲ್ಲಿ ತಪ್ಪಿಲ್ಲದೆ ಬರೆದುಕೊಳ್ಳಿ. ಪ್ರತಿಯನ್ನು ಎರಡು ಕಡೆಯಲ್ಲಾದರೂ ಇಡಿ, ಒಂದನ್ನೇ ನಂಬಬೇಡಿ. ನಮ್ಮ ಇಪ್ಪತ್ತಮೂರು ಪದಗಳು ಮುಗಿಯುವುದರೊಳಗೆ ನಿಮ್ಮದೊಂದು ಆಗಲಿ.