ಗುಡ್ಡ ರೈತರದ್ದು, ಗಾಳಿ ಮಾತ್ರ ಎಲ್ಲರದು

ಇಂಗ್ಲೆಂಡಿನ ಉತ್ತರಕ್ಕೆ ಯಾರ್ಕ್‌ಷೈರ್ ಡೇಲ್ಸ್ ಅಂತ ಒಂದು ಸೀಮೆ ಇದೆ. ಡೇಲ್ ಅಂದ್ರೆ ಕಣಿವೆ. ಎರಡೂ ಬದಿಗೆ ಬೋಳು ಗುಡ್ಡ, ನಡುವೆ ಸಣ್ಣ ಹೊಳೆ, ಹೊಳೆಯ ಪಕ್ಕ ಹುಲ್ಲುಗಾವಲು. ಗುಡ್ಡದ ತುದಿವರೆಗೂ ಹತ್ತಿಹೋದ ಕಲ್ಲಿನ ಗೋಡೆಗಳು, ಆ ಗೋಡೆಗಳ ನಡುವೆ ಕುರಿಗಳು. 1954ರಲ್ಲೇ ಇದು ರಾಷ್ಟ್ರೀಯ ಉದ್ಯಾನ ಆಯ್ತು. ಹಾಗಂತ ಅರಣ್ಯ ಇಲಾಖೆಯ ಗೇಟು ದಾಟಿ ಒಳಗೆ ಹೋಗುವ ಕಾಡು ಅಂದ್ಕೋಬೇಡಿ. ಇಲ್ಲಿ ಊರಿದೆ, ಸಂತೆಯಿದೆ, ಬಹುಪಾಲು ಜಮೀನು ಖಾಸಗಿ.

ನಾನಿರೋದು ಲೀಡ್ಸ್‌ನಲ್ಲಿ. ಅಲ್ಲಿಂದ ಸುಮಾರು ಎರಡು ಗಂಟೆ ಕಾರಿನಲ್ಲಿ ಹೋದರೆ ಹಾಸ್ ಎಂಬ ಪುಟ್ಟ ಊರು ಸಿಗುತ್ತೆ. ಅದರ ನೆತ್ತಿಯ ಮೇಲೆ ಕೂತಿರೋದು ವೆದರ್ ಫೆಲ್ ಗುಡ್ಡ, ಎತ್ತರ 614 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ಮೂರನೇ ಒಂದು ಪಾಲೂ ಇಲ್ಲ! ಆದರೆ ಪಶ್ಚಿಮದ ಗಾಳಿ ಹದವಾಗಿ ಬೀಸುವ ದಿನ ಈ ಗುಡ್ಡದ ಮೇಲೆ ಬಣ್ಣಬಣ್ಣದ ಪ್ಯಾರಾಗ್ಲೈಡರ್‌ಗಳು ಹದ್ದಿನ ಹಾಗೆ ತೇಲುತ್ತಿರುತ್ತವೆ. ನನ್ನ ಸಹೋದ್ಯೋಗಿಯೊಬ್ಬರು ಇಲ್ಲಿನ ಕ್ಲಬ್‌ನ ಸದಸ್ಯರು. ನಾನು ಹಾರೋದಿಲ್ಲ. ಚಹಾದ ಫ್ಲಾಸ್ಕ್ ಹಿಡಿದು ಜತೆಗೆ ಹೋಗ್ತೀನಿ, ಅಷ್ಟೇ. ಹೋಗ್ತಾ ಹೋಗ್ತಾ ಗೊತ್ತಾಗಿದ್ದು ಏನಂದ್ರೆ, ಹಾರೋದು ಈ ಕ್ಲಬ್‌ನವರ ಅರ್ಧ ಕೆಲಸ. ಉಳಿದರ್ಧ, ಗುಡ್ಡವನ್ನು ಕಾಪಾಡಿಕೊಳ್ಳೋದು.

ಎಂಜಿನ್ ಇಲ್ಲದ ರೆಕ್ಕೆ

ಪ್ಯಾರಾಗ್ಲೈಡರ್ ಅಂದ್ರೆ ಬಟ್ಟೆಯ ರೆಕ್ಕೆ, ಹತ್ತಾರು ತೆಳು ಹಗ್ಗ, ಕೂರೋಕೆ ಒಂದು ಹಾರ್ನೆಸ್. ಎಲ್ಲ ಮಡಚಿದರೆ ಬೆನ್ನಿಗೆ ಹಾಕುವ ಒಂದು ದೊಡ್ಡ ಚೀಲ. ಗಾಳಿ ಗುಡ್ಡಕ್ಕೆ ಬಡಿದು ಮೇಲಕ್ಕೆ ತಿರುಗುತ್ತಲ್ಲ, ಆ ಗಾಳಿಯೇ ರೆಕ್ಕೆಯನ್ನು ಎತ್ತಿ ಹಿಡಿಯುತ್ತೆ. ಬಿಸಿಲಿಗೆ ನೆಲ ಕಾದಾಗ ಅಲ್ಲಲ್ಲಿ ಬಿಸಿಗಾಳಿಯ ಕಂಬ ಮೇಲೇಳುತ್ತೆ, ಅದಕ್ಕೆ ಥರ್ಮಲ್ ಅಂತಾರೆ. ಅದರೊಳಗೆ ಸುತ್ತುತ್ತಾ ಮೇಲೇರಿದವರು ಗುಡ್ಡ ಬಿಟ್ಟು ಕಣಿವೆಯಿಂದ ಕಣಿವೆಗೆ ಹತ್ತಾರು ಕಿಲೋಮೀಟರ್ ಹೋಗಿಬಿಡ್ತಾರೆ.

ಮೇಲೆ ಟ್ರಾಫಿಕ್ ರೂಲ್ಸ್ ಕೂಡ ಇದೆ! ಗುಡ್ಡದ ಪಕ್ಕ ಇಬ್ಬರು ಎದುರುಬದುರಾದರೆ, ಗುಡ್ಡ ಯಾರ ಬಲಕ್ಕಿದೆಯೋ ಅವರಿಗೆ ದಾರಿ ಬಿಡಬೇಕು. ಯಾಕಂದ್ರೆ ಅವರಿಗೆ ಬಲಕ್ಕೆ ಸರಿಯೋಕೆ ಜಾಗವೇ ಇರಲ್ಲ. ಥರ್ಮಲ್‌ಗೆ ಮೊದಲು ಹೊಕ್ಕವರು ಯಾವ ಕಡೆ ಸುತ್ತುತ್ತಾರೋ, ಆಮೇಲೆ ಬಂದವರೂ ಅದೇ ಕಡೆ ಸುತ್ತಬೇಕು. ಪೊಲೀಸರಿಲ್ಲ, ಸಿಗ್ನಲ್ ಇಲ್ಲ. ಆದರೂ ನಡೆಯುತ್ತೆ.

ನಡೆಯೋ ಹಕ್ಕಿದೆ, ಹಾರೋ ಹಕ್ಕಿಲ್ಲ

ಇಲ್ಲಿನ ಒಂದು ಕಾನೂನು ಕೇಳಿ ನನಗೆ ಅಚ್ಚರಿಯಾಯ್ತು. 2000ನೇ ಇಸವಿಯ ಕಾಯ್ದೆಯೊಂದು, ಗುರುತು ಮಾಡಿದ ಗುಡ್ಡಗಾಡಿನಲ್ಲಿ ಜಮೀನು ಯಾರದೇ ಆಗಿರಲಿ, ಜನಸಾಮಾನ್ಯರು ಕಾಲ್ನಡಿಗೆಯಲ್ಲಿ ಓಡಾಡಬಹುದು ಅಂತ ಹಕ್ಕು ಕೊಟ್ಟಿದೆ. ಆದರೆ ಅದೇ ಕಾಯ್ದೆ, ಈ ಹಕ್ಕಿನಡಿ ಏನೇನು ಮಾಡುವಂತಿಲ್ಲ ಅಂತ ಒಂದು ಪಟ್ಟಿಯನ್ನೂ ಕೊಟ್ಟಿದೆ. ಟೆಂಟ್ ಹಾಕೋದು, ಹ್ಯಾಂಗ್ ಗ್ಲೈಡಿಂಗ್, ಪ್ಯಾರಾಗ್ಲೈಡಿಂಗ್ ಮೂರೂ ಆ ಪಟ್ಟಿಯಲ್ಲಿವೆ.

ಅಂದ್ರೆ, ನಾನು ಫ್ಲಾಸ್ಕ್ ಹಿಡ್ಕೊಂಡು ಗುಡ್ಡ ಹತ್ತೋಕೆ ಯಾರನ್ನೂ ಕೇಳಬೇಕಿಲ್ಲ. ನನ್ನ ಸಹೋದ್ಯೋಗಿ ಅದೇ ಗುಡ್ಡದಿಂದ ಹಾರಬೇಕು ಅಂದ್ರೆ ಜಮೀನಿನ ಒಡೆಯರ ಒಪ್ಪಿಗೆ ಬೇಕು. ಆ ಒಪ್ಪಿಗೆ ಎಷ್ಟೋ ಕಡೆ ವರ್ಷಗಳ ಪರಿಚಯದ ಮೇಲೆ, ಬಾಯಿಮಾತಿನ ಮೇಲೆ ನಿಂತಿರುತ್ತೆ. ಒಬ್ಬರು ಎಡವಟ್ಟು ಮಾಡಿದರೆ ಎಲ್ಲರಿಗೂ ಗುಡ್ಡ ಬಂದ್.

ಅದಕ್ಕೇ ಬ್ರಿಟನ್ನಿನ ಕ್ಲಬ್‌ಗಳಲ್ಲಿ ಪ್ರತಿ ಗುಡ್ಡಕ್ಕೂ ಒಂದು ಕೈಪಿಡಿ ಇರುತ್ತೆ. ಯಾವ ದಿಕ್ಕಿನ ಗಾಳಿಗೆ ಹಾರಬಹುದು, ಎಲ್ಲಿ ಇಳಿಯಬೇಕು, ಕಾರು ಎಲ್ಲಿ ನಿಲ್ಲಿಸಬೇಕು, ಯಾವ ತಿಂಗಳು ಯಾವ ಕಡೆ ಸುಳಿಯಬಾರದು, ಎಲ್ಲ ಅದರಲ್ಲಿ. ಈ ಸಂಬಂಧಗಳನ್ನು ನೋಡಿಕೊಳ್ಳೋಕೆ ಸಂಬಳವಿಲ್ಲದೆ ದುಡಿಯುವ ಸದಸ್ಯರೂ ಇರ್ತಾರೆ. ಕೆಲವು ರೈತರಿಗೆ ವರ್ಷಕ್ಕಿಷ್ಟು ಅಂತ ಬಾಡಿಗೆ. ಇನ್ನು ಕೆಲವರಿಗೆ ಕ್ರಿಸ್ಮಸ್ ಹೊತ್ತಿಗೆ ಒಂದು ಬಾಟಲಿ ವಿಸ್ಕಿ. ನಮ್ಮಲ್ಲಿ ಹಬ್ಬಕ್ಕೆ ಪಕ್ಕದ ಮನೆಗೆ ಹೋಳಿಗೆ ಕೊಟ್ಟ ಹಾಗೆ ಅನ್ನಿ.

ಗೇಟು, ಗೋಡೆ, ಹುಲ್ಲು

ಈ ನಿಯಮಗಳು ಓದೋಕೆ ಚಿಕ್ಕವು. ಹಿಂದಿರೋ ಕಾರಣ ತಿಳಿದರೆ ಮಾತ್ರ ತೂಕ ಗೊತ್ತಾಗುತ್ತೆ.

ಗೇಟು ಹೇಗಿತ್ತೋ ಹಾಗೇ ಬಿಡಬೇಕು. ತೆರೆದಿದ್ದರೆ ಮುಚ್ಚೋದು ಒಳ್ಳೆಯದಲ್ವಾ ಅನ್ನಿಸಬಹುದು. ಆದರೆ ಕುರಿಗಳು ನೀರಿಗೆ ಹೋಗಲಿ ಅಂತಲೇ ರೈತ ತೆರೆದಿಟ್ಟಿರಬಹುದು.

ಕಲ್ಲಿನ ಗೋಡೆ ಹತ್ತಬಾರದು. ಸಿಮೆಂಟಿಲ್ಲ, ಗಾರೆಯಿಲ್ಲ, ಕಲ್ಲಿನ ಮೇಲೆ ಕಲ್ಲು ಜೋಡಿಸಿ ಕಟ್ಟಿದ ಗೋಡೆ. ಮೇಲಿನ ಒಂದು ಕಲ್ಲು ಜಾರಿದರೆ ಸುತ್ತಲಿನವೂ ಸಡಿಲ ಆಗ್ತವೆ. ಅದನ್ನು ಮತ್ತೆ ಕಟ್ಟೋದು ನುರಿತ ಕೈ ಬೇಡುವ ಕೆಲಸ.

ಕುಯ್ಯದ ಹುಲ್ಲಿನಲ್ಲಿ ಇಳಿಯಬಾರದು. ನೋಡೋರಿಗೆ ಅದು ಮೆತ್ತನೆಯ ಹಸಿರು ಹಾಸಿಗೆ. ರೈತನಿಗೆ ಅದು ಬೆಳೆ. ಬೇಸಿಗೆಯಲ್ಲಿ ಕುಯ್ದು ಒಣಗಿಸಿದರೆ ಚಳಿಗಾಲದ ಮೇವು. ತುಳಿದು ಮಲಗಿಸಿದ ಹುಲ್ಲು ಕಟಾವಿಗೆ ಸರಿಯಾಗಿ ಸಿಗೋದಿಲ್ಲ.

ಏಪ್ರಿಲ್, ಮೇ ಕುರಿಗಳು ಮರಿ ಹಾಕುವ ಕಾಲ. ಆಗ ಮರಿಗಳಿರುವ ಹೊಲದ ಮೇಲೆ ತಗ್ಗಿನಲ್ಲಿ ಹಾರಬಾರದು, ನಾಯಿಯನ್ನು ಹಗ್ಗ ಬಿಚ್ಚಿ ಬಿಡಬಾರದು. ಅದೇ ದಿನಗಳಲ್ಲಿ ಕರ್ಲೂ ಎಂಬ ಉದ್ದ ಬಾಗಿದ ಕೊಕ್ಕಿನ ಹಕ್ಕಿ ಈ ಗುಡ್ಡಗಳ ನೆಲದಲ್ಲೇ ಮೊಟ್ಟೆ ಇಡುತ್ತೆ. ಜಗತ್ತಿನಲ್ಲಿ ಮರಿ ಮಾಡುವ ಈ ಜಾತಿಯ ಕರ್ಲೂಗಳಲ್ಲಿ ಸುಮಾರು ಕಾಲು ಭಾಗ ಬ್ರಿಟನ್ನಿನಲ್ಲೇ ಇವೆ ಅಂತಾರೆ, ಸಂಖ್ಯೆ ಮಾತ್ರ ಇಳಿಯುತ್ತಲೇ ಇದೆ. ಗೂಡು ಕಣ್ಣಿಗೆ ಬೀಳೋದಿಲ್ಲ. ಆದ್ದರಿಂದ ಕಾಲುದಾರಿ ಬಿಟ್ಟು ಅಡ್ಡಾದಿಡ್ಡಿ ನಡೆಯದಿರೋದೇ ಕ್ಷೇಮ.

ಕಳೆದ ಜೂನ್‌ನಲ್ಲಿ ಬೇರೆ ಕಡೆಯಿಂದ ಬಂದಿದ್ದ ಒಬ್ಬ ಹುಡುಗ ಎತ್ತರ ಕಳ್ಕೊಂಡು ನೇರ ಹುಲ್ಲಿನ ಹೊಲದ ನಡುವೆ ಇಳಿದ. ಮೇಲಿದ್ದವರ ಮುಖವೆಲ್ಲ ಸಪ್ಪೆ. ಕ್ಲಬ್‌ನ ಹಿರಿಯರೊಬ್ಬರು ತಮ್ಮ ರೆಕ್ಕೆ ಅಲ್ಲೇ ಬಿಟ್ಟು ಕೆಳಗಿಳಿದರು. ಆ ಹುಡುಗನಿಗೆ ರೆಕ್ಕೆಯನ್ನು ಗಂಟು ಕಟ್ಟಿ ಎತ್ತಿಕೊಳ್ಳೋಕೆ ಹೇಳಿ, ಹೊಲದ ಅಂಚಿಗೆ ಹತ್ತಿರದ ದಾರಿಯಲ್ಲಿ ಕರ್ಕೊಂಡು ಬಂದು, ಹಾಗೇ ರೈತರ ಮನೆ ಬಾಗಿಲಿಗೆ ಹೋದರು. ನಾನೂ ಹಿಂದೆ ಹೋದೆ.

"ನಿಮ್ಮ ಹುಲ್ಲು ತುಳಿದಿದ್ದೀವಿ, ನಾವೇ ಹೇಳಬೇಕು ಅಂತ ಬಂದ್ವಿ" ಅಂದರು ಹಿರಿಯರು.

ರೈತರು ಹುಡುಗನನ್ನು ಮೇಲಿಂದ ಕೆಳಗೆ ನೋಡಿದರು. "ಪೆಟ್ಟಾಗಿಲ್ಲ ತಾನೇ? ಸರಿ. ಹೇಳದೆ ಹೋಗೋರು ಬಂದ್ರೆ ನನಗೆ ಸಿಟ್ಟು" ಅಂದರು. ಅಷ್ಟೇ. ಗುಡ್ಡ ಉಳೀತು.

ಗುಡ್ಡವೇ ಮುಚ್ಚಿದ ವರ್ಷ

ಈ ಎಚ್ಚರಕ್ಕೆ ಒಂದು ಹಳೆಯ ಗಾಯವೂ ಕಾರಣ. 2001ರಲ್ಲಿ ಬ್ರಿಟನ್ನಿಗೆ ಕಾಲುಬಾಯಿ ರೋಗ ಅಪ್ಪಳಿಸಿತು. ಸೋಂಕು ಹರಡದಂತೆ 60 ಲಕ್ಷಕ್ಕೂ ಹೆಚ್ಚು ದನ, ಕುರಿ, ಹಂದಿಗಳನ್ನು ಕೊಂದರು. ಬೂಟಿನ ಮಣ್ಣಿನಲ್ಲೂ ರೋಗ ದಾಟುತ್ತೆ ಅಂತ ಹಳ್ಳಿಗಾಡಿನ ಕಾಲುದಾರಿಗಳನ್ನು ತಿಂಗಳುಗಟ್ಟಲೆ ಮುಚ್ಚಿದರು. ಕುರಿ ಸೀಮೆಯ ಗುಡ್ಡಗಳಿಂದ ಹಾರುತ್ತಿದ್ದವರೂ ನೆಲದಲ್ಲೇ ಉಳಿದರು. ತಮ್ಮ ಹವ್ಯಾಸ ನಿಂತಿರೋದು ಯಾರ ಬದುಕಿನ ಮೇಲೆ ಅಂತ ಆ ವರ್ಷ ಎಲ್ಲರಿಗೂ ಅರಿವಾಯ್ತು ಅಂತಾರೆ ಆ ಹಿರಿಯರು.

ನಮಗೂ ಇದು ತೀರಾ ದೂರದ ಮಾತಲ್ಲ. 2024ರ ಜನವರಿಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಸಾವಿರಾರು ಜನ ಮುಗಿಬಿದ್ದ ವಿಡಿಯೋ ನಿಮ್ಮ ಫೋನಿಗೂ ಬಂದಿರಬಹುದು. ಆಮೇಲೆ, ಆನ್‌ಲೈನ್ ಬುಕಿಂಗ್ ವ್ಯವಸ್ಥೆ ಆಗುವ ತನಕ ಚಾರಣವನ್ನೇ ನಿಲ್ಲಿಸಲಾಯ್ತು. ಅಲ್ಲಿ ಹೇಳಬೇಕಾಗಿದ್ದು ಸರ್ಕಾರ. ಇಲ್ಲಿ ಹಾರುವವರೇ ಒಬ್ಬರಿಗೊಬ್ಬರು ಹೇಳಿಕೊಳ್ತಾರೆ. "ಇವತ್ತು ಕಾರು ಜಾಸ್ತಿ ಆಯ್ತು, ಟ್ರ್ಯಾಕ್ಟರ್‌ಗೆ ದಾರಿ ಬಿಡ್ರಪ್ಪಾ" ಅನ್ನೋಕೆ ಯಾರಿಗೂ ಸಂಕೋಚವಿಲ್ಲ, ಕೇಳಿಸಿಕೊಂಡವರಿಗೆ ಬೇಜಾರೂ ಇಲ್ಲ.

ನೀವು ಬಂದರೆ

ಕೆಲಸಕ್ಕೋ ಓದಿಗೋ ಈ ಕಡೆ ಬಂದವರು ಒಂದು ದಿನ ಹಾಸ್‌ಗೆ ಬನ್ನಿ. ಮಂಗಳವಾರ ಸಂತೆ. ಊರಿನ ಚೀಸ್ ಕಾರ್ಖಾನೆಯನ್ನು ತಪ್ಪಿಸ್ಕೋಬೇಡಿ. 1992ರಲ್ಲಿ ಅದನ್ನು ನಡೆಸುತ್ತಿದ್ದ ಕಂಪನಿ ಬಾಗಿಲು ಹಾಕಿತ್ತು. ಅಲ್ಲಿ ಮ್ಯಾನೇಜರ್ ಆಗಿದ್ದವರೇ ಸ್ಥಳೀಯ ವ್ಯಾಪಾರಿಯೊಬ್ಬರ ಜತೆ ಸೇರಿ ಕೊಂಡುಕೊಂಡು, ಅದೇ ವರ್ಷ ಮತ್ತೆ ಶುರು ಮಾಡಿದರು. ಇಂದಿಗೂ ವೆನ್ಸ್‌ಲೀಡೇಲ್ ಚೀಸ್ ಅಲ್ಲೇ ತಯಾರಾಗುತ್ತೆ.

ಹಾರೋಕೆ ಆಸೆ ಇದ್ದರೆ ಮಾನ್ಯತೆ ಇರುವ ಶಾಲೆಯಲ್ಲಿ ಕಲಿಯಬೇಕು. 'ಕ್ಲಬ್ ಪೈಲಟ್' ಹಂತ ಮುಗಿಸಿದ ಮೇಲಷ್ಟೇ ಶಾಲೆಯ ಹೊರಗೆ ಕ್ಲಬ್‌ನವರ ಜತೆ ಹಾರಬಹುದು. ನೋಡೋಕೆ ಮಾತ್ರ ಬರುವವರು ಟೇಕಾಫ್ ಜಾಗದ ಹಿಂದೆ ನಿಲ್ಲಿ. ನೆಲದ ಮೇಲೆ ಹರಡಿದ ಹಗ್ಗಗಳನ್ನು ತುಳಿಯಬೇಡಿ. ಬೇಸಿಗೆಯಾದರೂ ಜಾಕೆಟ್ ತನ್ನಿ, ಮೇಲೆ ಗಾಳಿ ಕೊರೆಯುತ್ತೆ.

ವೆದರ್ ಫೆಲ್‌ನ ಇನ್ನೊಂದು ಬದಿಗೆ ನಡೆದರೆ ಕೆಳಗೆ ಸೆಮರ್‌ವಾಟರ್ ಕೆರೆ ಕಾಣುತ್ತೆ. ಅದರ ಅಡಿಯಲ್ಲಿ ಒಂದು ಪಟ್ಟಣ ಮುಳುಗಿದೆ ಅನ್ನೋದು ಊರ ಕಥೆ. ಹಸಿದು ಬಂದ ಮುದುಕನೊಬ್ಬನನ್ನು ಪಟ್ಟಣದವರೆಲ್ಲ ಬಾಗಿಲಿಂದಲೇ ಅಟ್ಟಿದರಂತೆ. ಗುಡ್ಡದ ಮೇಲಿನ ಬಡ ದಂಪತಿ ಮಾತ್ರ ಕರೆದು ಊಟ ಹಾಕಿದರಂತೆ. ಅವನ ಶಾಪಕ್ಕೆ ನೀರು ಏರಿ ಪಟ್ಟಣ ಮುಳುಗಿ, ಆ ಒಂದು ಗುಡಿಸಲು ಉಳಿಯಿತಂತೆ. ನಮ್ಮಜ್ಜಿ ಹೇಳುತ್ತಿದ್ದ ಕಥೆಗಳಲ್ಲೊಂದು ಅನ್ನಿಸಲಿಲ್ವಾ? ಕೆರೆ ದಂಡೆಯಲ್ಲಿ ಕೂತು ಬುತ್ತಿ ಬಿಚ್ಚೋಕೆ ಒಳ್ಳೆಯ ಜಾಗ. ಬರುವಾಗ ದಾರಿಯ ಗೇಟು ಹೇಗಿತ್ತು ಅಂತ ನೆನಪಿಟ್ಕೊಳ್ಳಿ, ವಾಪಸ್ ಹೋಗುವಾಗ ಹಾಗೇ ಬಿಡಿ.